ಎರೆಹೊಲ, ಫರಸಿ ಗೋಡೆ, ಜಾಲಿ ಮುಳ್ಳು: ಮನೆಮಂದಿ ಜೊತೆ ಓಡಿಸಲು ಕಿರಿದಾದ ಸೈಡ್ ಬೈ ಸೈಡ್ ಆರಿಸುವುದು ಹೇಗೆ?

ಹೊಲದ ದಾರಿಯಲ್ಲಿ, ಹಳ್ಳದ ದಂಡೆಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡಾಡಲು ಒಂದು ಸೈಡ್ ಬೈ ಸೈಡ್ ಗಾಡಿ ಬೇಕು ಅನ್ನುವವರು ಮೊದಲು ಕೇಳುವುದು 'ಯಾವ ಮಾಡೆಲ್ ತಗೊಳ್ಳಲಿ?' ಅಂತ. ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ನಿಮ್ಮ ದಾರಿಯ ಅತಿ ಇಕ್ಕಟ್ಟಾದ ಜಾಗ ಎಷ್ಟು ಅಡಿ ಇದೆ? ಗಾಡಿಯಲ್ಲಿ ಕೂರುವ ಅತಿ ಚಿಕ್ಕ ಮಗುವಿನ ಪಾದ ಗಾಡಿಯ ನೆಲಕ್ಕೆ ಮುಟ್ಟುತ್ತದಾ? ಇವೆರಡಕ್ಕೂ ಉತ್ತರ ಸಿಕ್ಕ ಮೇಲೆ ಮಾಡೆಲ್ ಆರಿಸಲು ಜಾಸ್ತಿ ಹೊತ್ತು ಬೇಕಾಗುವುದಿಲ್ಲ. ಇವನ್ನು ಬಿಟ್ಟು ಕುದುರೆಶಕ್ತಿ, ಬಣ್ಣ, ಲೈಟ್ ಬಾರ್ ನೋಡುತ್ತಾ ಕೂತರೆ ತಿಂಗಳುಗಟ್ಟಲೆ ವಿಡಿಯೊ ನೋಡಿದರೂ ನಿಂತಲ್ಲೇ ನಿಂತಿರುತ್ತೀರಿ.

ಗೊತ್ತಿಲ್ಲದವರಿಗೆ ಒಂದು ಮಾತು. ಎಟಿವಿ ಎಂದರೆ ಬೈಕಿನಂತೆ ಕಾಲು ಹಾಕಿ ಕೂರುವ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ. ಸೈಡ್ ಬೈ ಸೈಡ್‌ನಲ್ಲಿ ಪಕ್ಕಪಕ್ಕ ಸೀಟು, ಸ್ಟೀರಿಂಗ್, ಸೀಟ್ ಬೆಲ್ಟ್, ತಲೆ ಮೇಲೆ ಕಬ್ಬಿಣದ ಪಂಜರ ಇರುತ್ತದೆ. ಯುಟಿವಿ ಎಂದರೂ ಹೆಚ್ಚುಕಮ್ಮಿ ಇದೇ.

ಹೆಜ್ಜೆ 1: ಎಲ್ಲಿ ಓಡಿಸುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ

ಇದು ರಸ್ತೆಗೆ ಇಳಿಸುವ ಗಾಡಿ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ಸೈಡ್ ಬೈ ಸೈಡ್‌ಗೆ ರಸ್ತೆಯ ನೋಂದಣಿ ಸಿಗುವುದಿಲ್ಲ. ಪೊಲಾರಿಸ್ ಕಂಪನಿ ತನ್ನ ಸ್ಪೋರ್ಟ್ಸ್‌ಮನ್ 570 ಎಟಿವಿಯನ್ನು ಟ್ರ್ಯಾಕ್ಟರ್ ವರ್ಗದಲ್ಲಿ ರಸ್ತೆಗೆ ತಂದದ್ದು ನಿಜ. ಆದರೆ ಅದು ಕಾಲು ಹಾಕಿ ಕೂರುವ ಗಾಡಿ, ಅದರ ಕಾಗದ ತೋರಿಸಿ 'ಇದಕ್ಕೂ ನಂಬರ್ ಮಾಡಿಸಿಕೊಡ್ತೀವಿ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳ್ಳಿಯ ಡಾಂಬರ್ ರಸ್ತೆ ದಾಟಿ ಆಚೆ ಹೊಲಕ್ಕೆ ಹೋಗುವುದೂ ಸಾರ್ವಜನಿಕ ಜಾಗದಲ್ಲಿ ಓಡಿಸಿದ ಲೆಕ್ಕಕ್ಕೇ ಬರುತ್ತದೆ.

ಹಾಗಾಗಿ ಉಳಿಯುವುದು ಸ್ವಂತ ಜಮೀನು, ಒಪ್ಪಿಗೆ ಕೊಟ್ಟ ಬಂಧುಬಳಗದ ಜಮೀನು, ಇಲ್ಲವೇ ಇದಕ್ಕೆಂದೇ ಮಾಡಿದ ಖಾಸಗಿ ಟ್ರ್ಯಾಕ್. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆಗಳಲ್ಲಿ ಕಣ್ಣಿಗೆ ಚೆಂದ ಕಾಣುವ ಬಹಳ ಜಾಗಗಳು ಈ ಪಟ್ಟಿಯಿಂದ ಹೊರಗೆ ಬೀಳುತ್ತವೆ. ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿ ಧಾಮ, ಅಲ್ಲಿ ಈ ಗಾಡಿಯ ಮಾತೇ ಬೇಡ. ಬೀದರ್ ಸುತ್ತಲಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮದ ಕೆರೆ ದಂಡೆಯೂ ಬೇಡ. ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿ ಕಡೆ ನೆಲದೊಳಗೆ ಎರಡು ಸಾವಿರ ವರ್ಷದ ಇಟ್ಟಿಗೆ, ಶಿಲ್ಪ ಇನ್ನೂ ಇವೆ, ಅಲ್ಲಿ ಚಕ್ರ ಉರುಳಿಸುವುದು ತಪ್ಪು. ನಾರಾಯಣಪುರ ಎಡದಂಡೆ ಕಾಲುವೆಯ ಪಕ್ಕದ ದಾರಿ ನೇರವಾಗಿ, ಖಾಲಿಯಾಗಿ ಕಂಡು ಆಸೆ ಹುಟ್ಟಿಸುತ್ತದೆ. ಅದು ನೀರಾವರಿಯವರ ಜಾಗ, ಅಂಚು ಮೆತ್ತಗೆ, ಪಕ್ಕದಲ್ಲಿ ಆಳದ ನೀರು.

ಇನ್ನೊಂದು ಅಪಾಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯವರಿಗೆ ಚೆನ್ನಾಗಿ ಗೊತ್ತು. ಬಿಟ್ಟುಹೋದ ಫರಸಿ (ಹಾಸುಗಲ್ಲು) ಖಣಿಗಳು. ಮಳೆಗಾಲ ಮುಗಿದ ಮೇಲೆ ನೀರು ತುಂಬಿಕೊಂಡು ಕೆರೆಯಂತೆ ಕಾಣುತ್ತವೆ, ಅಂಚಿನಲ್ಲಿ ಬೇಲಿ ಇರುವುದಿಲ್ಲ. ಕಟ್ಟೆ ಇಲ್ಲದ ತೆರೆದ ಬಾವಿಗಳೂ ಹಾಗೆಯೇ. ಓಡಿಸುವ ಜಮೀನಿನಲ್ಲಿ ಇಂಥ ಒಂದು ಗುಂಡಿ ಇದ್ದರೂ ಅದರ ಸುತ್ತ ಕಲ್ಲು ನೆಟ್ಟು ಸುಣ್ಣ ಬಳಿದ ಮೇಲೇ ಗಾಡಿಯ ವಿಚಾರ ಮಾಡಿ.

ಹೆಜ್ಜೆ 2: ಐದಡಿ ಗಳ ಹಿಡಿದು ದಾರಿ ನಡೆಯಿರಿ

ಟೇಪ್ ಸಾಲದು. ಒಂದು ಬಿದಿರು ಗಳವನ್ನು ಸರಿಯಾಗಿ 5 ಅಡಿ 2 ಅಂಗುಲಕ್ಕೆ ಕಡಿಯಿರಿ. ಅದನ್ನು ಅಡ್ಡ ಹಿಡಿದು ಇಡೀ ದಾರಿ ನಡೆಯಿರಿ. ಹೋಗುವಾಗ ಮೊಣಕಾಲಿನ ಎತ್ತರದಲ್ಲಿ ಹಿಡಿಯಿರಿ, ಬರುವಾಗ ಭುಜದ ಎತ್ತರದಲ್ಲಿ. ಮೊಣಕಾಲಿಗೆ ಕಲ್ಲುಗೋಡೆ, ಗೂಟ, ಬದು ತಾಗುತ್ತವೆ. ಭುಜಕ್ಕೆ ಜಾಲಿ ಕೊಂಬೆ ತಾಗುತ್ತದೆ. ತಾಗಿದ ಕಡೆಯಲ್ಲೆಲ್ಲ ಫೋಟೊ ತೆಗೆದು ಅಗಲ ಬರೆದಿಟ್ಟುಕೊಳ್ಳಿ.

5 ಅಡಿ 2 ಅಂಗುಲ ಯಾಕೆ? ಕಿರಿದಾದ ಸೈಡ್ ಬೈ ಸೈಡ್‌ನ ಅಗಲ 50 ಅಂಗುಲ, ಅಂದರೆ 4 ಅಡಿ 2 ಅಂಗುಲ. ಎರಡೂ ಕಡೆ ಅರ್ಧರ್ಧ ಅಡಿ ಬಿಟ್ಟರೆ 5 ಅಡಿ 2 ಅಂಗುಲ. ಇದು ನಿಧಾನವಾಗಿ, ಮನುಷ್ಯ ನಡೆಯುವ ವೇಗದಲ್ಲಿ ಹೋಗುವುದಾದರೆ ಮಾತ್ರ ಸಾಕು. ಸ್ವಲ್ಪ ವೇಗವಾಗಿ ಹೋಗುವ ದಾರಿಗೆ ಎರಡೂ ಕಡೆ ಒಂದೊಂದು ಅಡಿ ಬೇಕು.

ತಿರುವುಗಳನ್ನು ಮರೆಯಬೇಡಿ. ನೇರ ದಾರಿಯಲ್ಲಿ ಹಿಡಿಸಿದ ಗಾಡಿ, ಎರಡು ಹೊಲದ ಗೋಡೆ ಕೂಡುವ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರ ಒಳಗೆ ಕತ್ತರಿಸಿಕೊಂಡು ಬರುತ್ತದಲ್ವಾ, ಅಲ್ಲಿ ಗಾಡಿಯ ಅಗಲಕ್ಕಿಂತ ಉದ್ದ ಹೆಚ್ಚು ತೊಂದರೆ ಕೊಡುತ್ತದೆ. ಅಂಥ ಮೂಲೆಯಲ್ಲಿ ಸುಣ್ಣದ ಪುಡಿಯಿಂದ ಗಾಡಿಯ ಉದ್ದಗಲ ಗುರುತು ಮಾಡಿ ನೋಡುವುದು ಒಳ್ಳೆಯದು.

ಹೀಗೆ ನಡೆದು ನೋಡಿದಾಗ ತುಂಬಾ ಜನರಿಗೆ ಗೊತ್ತಾಗುವ ವಿಷಯ ಒಂದಿದೆ. ಇಡೀ ದಾರಿಯಲ್ಲಿ ಇಕ್ಕಟ್ಟು ಇರುವುದು ಒಂದೋ ಎರಡೋ ಕಡೆ. ಹೊಲದ ಬಾಗಿಲ ಕಲ್ಲುಕಂಬ, ಇಲ್ಲವೇ ಹಳ್ಳದ ಮೇಲಿನ ಸಿಡಿ, ಅಂದರೆ ಚಿಕ್ಕ ಸೇತುವೆ. ಕಂಬವನ್ನು ಒಂದಡಿ ಆಚೆ ಸರಿಸಿದರೆ ಕಿರಿದಾದ ಗಾಡಿಯ ಅಗತ್ಯವೇ ಇರುವುದಿಲ್ಲ. ಹಾಗೆ ಮಾಡಲು ಆಗುವುದಾದರೆ ಅದನ್ನೇ ಮಾಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಹೆಜ್ಜೆ 3: 50 ಅಂಗುಲ ಎಲ್ಲಿಂದ ಬಂತು, ನಮಗೆ ಅದು ಬೇಕಾ?

ಈ 50 ಅಂಗುಲ ನಮ್ಮ ಲೆಕ್ಕ ಅಲ್ಲ. ಅಮೆರಿಕದ ಅರಣ್ಯ ಇಲಾಖೆ ತನ್ನ ಕಾಡುದಾರಿಗಳಲ್ಲಿ ಕೆಲವನ್ನು '50 ಅಂಗುಲ ಅಥವಾ ಅದಕ್ಕಿಂತ ಕಡಿಮೆ ಅಗಲದ ಗಾಡಿಗಳಿಗೆ' ಎಂದು ಗೊತ್ತು ಮಾಡಿದೆ. ಹಲವು ಕಡೆ ದಾರಿಯ ಬಾಯಲ್ಲೇ ಅಷ್ಟಗಲದ ಗೇಟು ಹಾಕಿರುತ್ತಾರೆ, ಅದಕ್ಕಿಂತ ದೊಡ್ಡ ಗಾಡಿ ಒಳಗೆ ಹೋಗುವುದೇ ಇಲ್ಲ. ಪೊಲಾರಿಸ್ ಆರ್‌ಝಡ್‌ಆರ್ ಎಂಬ ತನ್ನ ಸೈಡ್ ಬೈ ಸೈಡ್ ಅನ್ನು ಮೊದಲ ಸಲ 2008ರ ಮಾಡೆಲ್ ಆಗಿ ತಂದಾಗ ಅದರ ಅಗಲ ಸರಿಯಾಗಿ 50 ಅಂಗುಲ ಇತ್ತು. ಆಮೇಲೆ ಹೋಂಡಾ ಪಯೋನಿಯರ್ 500, ಕ್ಯಾನ್ ಆಮ್ ಮ್ಯಾವೆರಿಕ್ ಟ್ರೇಲ್ ಇದೇ ಅಳತೆಯಲ್ಲಿ ಬಂದವು.

ಅಫಜಲಪುರದಲ್ಲೋ ಔರಾದ್‌ನಲ್ಲೋ ಅಂಥ ಗೇಟು ಯಾರೂ ಹಾಕಿಲ್ಲ. ನಮ್ಮ ಗೇಟು ಎಂದರೆ ಫರಸಿ ಗೋಡೆ, ಜಾಲಿ, ಬದು. ನಿಮ್ಮ ಗಳದ ಲೆಕ್ಕದಲ್ಲಿ ದಾರಿ ಎಲ್ಲೂ 6 ಅಡಿಗಿಂತ ಕಡಿಮೆ ಇಲ್ಲದಿದ್ದರೆ 50 ಅಂಗುಲದ ಹಿಂದೆ ಬೀಳಬೇಡಿ. 60 ಅಂಗುಲದ, ಅಂದರೆ 5 ಅಡಿಯ ಗಾಡಿ ಆರಾಮಾಗಿ ಹಿಡಿಸುತ್ತದೆ, ಮೂಲೆಗಳಲ್ಲಿ ಮಾತ್ರ ಸ್ವಲ್ಪ ಜಾಗ್ರತೆ ಬೇಕು.

ಇನ್ನೂ ಒಂದು ಮಾತು ಹೇಳಲೇಬೇಕು. ಈ ಗಾಡಿ ಮಾರುವವರು ಇದನ್ನು ಹೇಳುವುದಿಲ್ಲ. ಮಾರುತಿ ಜಿಮ್ನಿಯ ಅಗಲ 1645 ಮಿ.ಮೀ., ಅಂದರೆ 5 ಅಡಿ 5 ಅಂಗುಲದ ಒಳಗೆ. ನಾಲ್ಕು ಜನ ಕೂರಬಹುದು, ಫೋರ್ ವೀಲ್ ಡ್ರೈವ್ ಇದೆ, ಎಸಿ ಇದೆ, ನಂಬರ್ ಪ್ಲೇಟ್ ಇದೆ, ಕಲಬುರಗಿಯಲ್ಲೇ ಸರ್ವಿಸ್ ಆಗುತ್ತದೆ. ಮನೆಯಿಂದ ಹೊಲಕ್ಕೆ ಹೋಗಿ ಅಲ್ಲಿಂದ ಮದುವೆಗೂ ಹೋಗಬಹುದು. ನಿಮ್ಮ ಬಂಡಿ ದಾರಿ ಆರೂವರೆ ಅಡಿ ಇದ್ದು, ನಿಮಗೆ ಬೇಕಾದದ್ದು ಮನೆಮಂದಿಯ ಸುತ್ತಾಟ ಮಾತ್ರ ಆಗಿದ್ದರೆ ಇಲ್ಲಿಗೇ ಓದುವುದು ನಿಲ್ಲಿಸಿ ಜಿಮ್ನಿ ನೋಡಿ ಬನ್ನಿ. ಥಾರ್ 1820 ಮಿ.ಮೀ. ಅಗಲ, ಹೆಚ್ಚುಕಮ್ಮಿ 6 ಅಡಿ. ಅದಕ್ಕೆ ದೊಡ್ಡ ದಾರಿಯೇ ಬೇಕು.

ಸೈಡ್ ಬೈ ಸೈಡ್‌ಗೆ ಹಣ ಹಾಕುವುದು ಯಾವಾಗ ಸರಿ? ದಾರಿ ನಿಜವಾಗಿಯೂ ಕಿರಿದು, ನೆಲ ಜೀಪೂ ಕಷ್ಟಪಡುವಷ್ಟು ಒರಟು, ಓಡಿಸಲು ಒಂದೇ ಕಡೆ ದೊಡ್ಡ ಜಮೀನು ಇದೆ ಅನ್ನುವಾಗ. ಶಹಾಪುರ, ಸುರಪುರ ಕಡೆ ಬಂಡೆಗಳ ನಡುವಿನ ಹೊಲಗಳಿಗೆ ಇದು ಹೊಂದುತ್ತದೆ.

ಹೆಜ್ಜೆ 4: ಕಿರಿದು ಎಂದರೆ ವಾಲುವುದು ಜಾಸ್ತಿ. ಲೆಕ್ಕ ಹಾಕಿ ನೋಡಿ

ನನ್ನ ಪ್ರಕಾರ ಇಡೀ ಆಯ್ಕೆಯ ತಿರುಳು ಇಲ್ಲಿದೆ. ಗಾಡಿ ಪಕ್ಕಕ್ಕೆ ಮಗುಚುವುದು ಎರಡರ ಮೇಲೆ ನಿಂತಿದೆ. ಎಡ ಬಲ ಚಕ್ರಗಳ ನಡುವಿನ ದೂರ ಒಂದು, ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರ ಅನ್ನುವುದು ಇನ್ನೊಂದು. ಒಟ್ಟು ಅಗಲ 50 ಅಂಗುಲ ಎಂದರೆ 1270 ಮಿ.ಮೀ. ಅದರಲ್ಲಿ ಟೈರಿನ ದಪ್ಪ ಕಳೆದು ನಡುವಿನಿಂದ ನಡುವಿಗೆ ಅಳೆದರೆ ಸುಮಾರು 1040 ಮಿ.ಮೀ. ಉಳಿಯುತ್ತದೆ. ಇಬ್ಬರು ಕೂತಾಗ ಭಾರದ ಕೇಂದ್ರ 700 ಮಿ.ಮೀ. ಎತ್ತರದಲ್ಲಿದೆ ಎಂದು ಹಿಡಿಯೋಣ. ನಿಂತ ಗಾಡಿ ಮಗುಚಲು ಬೇಕಾದ ಓರೆ ಸುಮಾರು 37 ಡಿಗ್ರಿ. ಅದೇ ಎತ್ತರಕ್ಕೆ 60 ಅಂಗುಲದ ಗಾಡಿಯಾದರೆ 42 ಡಿಗ್ರಿ ದಾಟುತ್ತದೆ. ಈಗ ಕಿರಿದಾದ ಗಾಡಿಯ ಮಾಡಿನ ಮೇಲೆ ನೀರಿನ ಕ್ಯಾನು, ಸ್ಟೆಪ್ನಿ, ಚಾಪೆ ಎಲ್ಲ ಕಟ್ಟಿ ಭಾರದ ಕೇಂದ್ರವನ್ನು 100 ಮಿ.ಮೀ. ಮೇಲೆತ್ತಿ ನೋಡಿ. 33 ಡಿಗ್ರಿಗೆ ಇಳಿಯಿತು.

ಇದೆಲ್ಲ ಅಲುಗಾಡದೆ ನಿಂತ ಗಾಡಿಯ ಲೆಕ್ಕ. ಓಡುವಾಗ ಮೇಲಿನ ಚಕ್ರ ಒಂದು ಕಲ್ಲು ಹತ್ತಿದರೆ, ಕೆಳಗಿನ ಚಕ್ರ ಒಂದು ಗುಂಡಿಗೆ ಇಳಿದರೆ, ಆ ಹೊತ್ತಿಗೇ ಸ್ಟೀರಿಂಗ್ ತಿರುಗಿಸಿದರೆ ಈ ಡಿಗ್ರಿಗಳು ಕಣ್ಣಮುಂದೆಯೇ ಕರಗುತ್ತವೆ. ಅದಕ್ಕೇ ಮಕ್ಕಳಿರುವಾಗ 15 ಡಿಗ್ರಿ ಓರೆಗಿಂತ ಹೆಚ್ಚಿನ ಇಳಿಜಾರಿನಲ್ಲಿ ಅಡ್ಡ ಹೋಗಬೇಡಿ ಎಂದು ನಾನು ಹೇಳುವುದು. ನಾಲ್ಕಡಿ ಅಡ್ಡಕ್ಕೆ ಒಂದಡಿ ಏರಿದರೆ ಅದು ಹೆಚ್ಚುಕಮ್ಮಿ 14 ಡಿಗ್ರಿ. ಫೋನಿನಲ್ಲಿ ಓರೆ ಅಳೆಯುವ ಆ್ಯಪ್ ಇರುತ್ತದೆ. ದಾರಿ ನಡೆಯುವಾಗಲೇ ಒಡ್ಡುಗಳ ಪಕ್ಕ, ಹಳ್ಳಕ್ಕೆ ಇಳಿಯುವ ಕಡೆ ಅಳೆದು ಬರೆದುಕೊಳ್ಳಿ.

ನಮ್ಮ ಒಣಬೇಸಾಯದ ಹೊಲಗಳಲ್ಲಿ ಒಡ್ಡುಗಳೇ ದೊಡ್ಡ ಪರೀಕ್ಷೆ. ಒಡ್ಡನ್ನು ಯಾವಾಗಲೂ ನೇರ ಎದುರಿನಿಂದ ಹತ್ತಿ ನೇರ ಇಳಿಯಬೇಕು. ಓರೆಯಾಗಿ ಹತ್ತಿದರೆ ಒಂದು ಮುಂಚಕ್ರ, ಅದರ ಎದುರು ಮೂಲೆಯ ಒಂದು ಹಿಂಚಕ್ರ ಎತ್ತರದಲ್ಲಿ ನಿಂತು ಗಾಡಿ ತೂಗುತ್ತದೆ. ಗಿಡ್ಡ ಗಾಡಿಗಳಲ್ಲಿ ಇದು ಜಾಸ್ತಿ. ಇಲ್ಲಿ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ನೋಡಬೇಕು. 50 ಅಂಗುಲದ ಗಾಡಿಗಳಲ್ಲೇ ಮ್ಯಾವೆರಿಕ್ ಟ್ರೇಲ್‌ನ ವೀಲ್‌ಬೇಸ್ ಸುಮಾರು 2.3 ಮೀಟರ್, ಆರ್‌ಝಡ್‌ಆರ್ 570ರದ್ದು 2 ಮೀಟರಿನ ಒಳಗೆ. ಉದ್ದದ್ದು ಏರು ಇಳಿಜಾರಿನಲ್ಲಿ ಸ್ಥಿರ, ಗಿಡ್ಡದ್ದು ಮೂಲೆಗಳಲ್ಲಿ ಚುರುಕು. ನಿಮ್ಮ ದಾರಿಯಲ್ಲಿ ಮೂಲೆಗಳು ಜಾಸ್ತಿಯೋ ಒಡ್ಡುಗಳು ಜಾಸ್ತಿಯೋ ಅನ್ನುವುದನ್ನು ಬರೆದಿಟ್ಟ ಪಟ್ಟಿಯೇ ಹೇಳುತ್ತದೆ.

'ಚಕ್ರಕ್ಕೆ ಸ್ಪೇಸರ್ ಹಾಕಿ ಅಗಲ ಮಾಡ್ತೀನಿ' ಅನ್ನುವವರಿದ್ದಾರೆ. ಅಗಲ ಮಾಡುವುದಾದರೆ ಕಿರಿದಾದ ಗಾಡಿ ಯಾಕೆ ತಗೊಂಡಿರಿ ಸ್ವಾಮಿ? ಬೇರಿಂಗ್ ಮೇಲೆ ಹೊರೆ ಬೀಳುವುದು ಬೇರೆ.

ಹೆಜ್ಜೆ 5: ಯಾರು ಕೂರುತ್ತಾರೆ?

ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೊರಡುವ ಮನೆಯನ್ನು ನೆನಪಿಸಿಕೊಳ್ಳಿ. ಅಜ್ಜಿ, ಸೊಸೆಯಂದಿರು, ಮಕ್ಕಳು, ಸಜ್ಜೆ ರೊಟ್ಟಿ ಬುಟ್ಟಿ, ಭಜ್ಜಿ ಪಾತ್ರೆ. ಇಷ್ಟೆಲ್ಲ 50 ಅಂಗುಲದ ಗಾಡಿಯಲ್ಲಿ ಹಿಡಿಸದು. ಮೇಲೆ ಹೇಳಿದ 50 ಅಂಗುಲದ ಮಾಡೆಲ್‌ಗಳಲ್ಲಿ ಇರುವುದು ಎರಡೇ ಸೀಟು. ನಾಲ್ಕು ಸೀಟು ಬೇಕೆಂದರೆ ಅಗಲ 60 ಅಂಗುಲಕ್ಕೆ ಏರುತ್ತದೆ. ಹೋಂಡಾ ಪಯೋನಿಯರ್ 700-4 ಸುಮಾರು 60 ಅಂಗುಲ, ಅದರ ಹಿಂದಿನ ಎರಡು ಸೀಟು ಮಡಚಿದರೆ ಸಾಮಾನಿನ ತೊಟ್ಟಿಯಾಗುತ್ತದೆ. ಯಮಹಾ ವೂಲ್ವರಿನ್ ಎಕ್ಸ್4, ಕಾವಾಸಾಕಿ ಟೆರಿಕ್ಸ್4 ಸುಮಾರು 62 ಅಂಗುಲ.

ಇಬ್ಬರು ಮಕ್ಕಳಿರುವ ಮನೆಗೆ ಎರಡು ಸೀಟಿನ ಗಾಡಿ ತಂದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಒಬ್ಬರು ತೊಡೆ ಮೇಲೆ, ಒಬ್ಬರು ಹಿಂದಿನ ತೊಟ್ಟಿಯಲ್ಲಿ. ಎರಡೂ ಕೂಡದು. ತೊಡೆ ಮೇಲಿನ ಮಗುವನ್ನು ಯಾವ ಬೆಲ್ಟೂ ಹಿಡಿಯುವುದಿಲ್ಲ, ತೊಟ್ಟಿಯಲ್ಲಿ ಕೂತವನ ತಲೆ ಮೇಲೆ ಪಂಜರವೇ ಇರುವುದಿಲ್ಲ. ಹಾಗಾಗಿ ಎರಡು ಸೀಟು ತಗೊಂಡರೆ ಸರದಿಯಲ್ಲಿ ಒಬ್ಬೊಬ್ಬರನ್ನೇ ಕರೆದೊಯ್ಯುವುದು ಎಂದು ಮೊದಲೇ ತೀರ್ಮಾನ ಆಗಿರಬೇಕು. ಇದು ಆಗುವ ಮಾತಲ್ಲ ಅನ್ನಿಸಿದರೆ ನಾಲ್ಕು ಸೀಟಿನದು ನೋಡಿ, ದಾರಿ ಅಗಲ ಮಾಡಿ.

ಮಕ್ಕಳನ್ನು ಕೂರಿಸಲು ಒಂದು ಸರಳ ಪರೀಕ್ಷೆ ಇದೆ. ಬೆನ್ನು ಸೀಟಿಗೆ ಒರಗಬೇಕು, ಆಗಲೂ ಎರಡೂ ಪಾದ ನೆಲದ ಮೇಲೆ ಸಮನಾಗಿ ಊರಬೇಕು, ಕೈಗೆ ಹಿಡಿ ಸಿಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಆ ಮಗುವಿಗೆ ಈ ಗಾಡಿ ಇನ್ನೂ ಬೇಡ. ಕೆಲವು ಕಂಪನಿಗಳು ಪ್ರಯಾಣಿಕರಿಗೂ ವಯಸ್ಸಿನ ಮಿತಿ ಹಾಕಿವೆ, ಕೈಪಿಡಿ ಓದಿ. ಓಡಿಸುವವರಿಗೆ ಅಮೆರಿಕದಲ್ಲಿ 16 ವರ್ಷ ಮತ್ತು ಲೈಸೆನ್ಸ್ ಅನ್ನುತ್ತಾರೆ. ನಮ್ಮಲ್ಲಿ ಕಾರಿನ ಲೈಸೆನ್ಸಿಗೆ 18 ಆಗಬೇಕು. ಹದಿನಾಲ್ಕರ ಮಗ ಸ್ಟೀರಿಂಗ್ ಹಿಡಿದು ಗಾಡಿಯನ್ನು ಊರ ರಸ್ತೆಗೆ ತಂದನೆಂದರೆ, 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಪ್ರಕಾರ ತಂದೆಗೋ ಗಾಡಿ ಮಾಲೀಕನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಹೆಲ್ಮೆಟ್ ಎಲ್ಲರಿಗೂ, ಅಜ್ಜಿಗೂ. ಪಕ್ಕದಲ್ಲಿ ಬಾಗಿಲು ಇಲ್ಲವೇ ಬಲೆ ಇರಲೇಬೇಕು. ಗಾಡಿ ವಾಲಿದಾಗ ಕೈ ಹೊರಗೆ ಚಾಚಿ ನೆಲಕ್ಕೆ ಊರುವುದು ಮನುಷ್ಯರ ಸಹಜ ಗುಣ. ಆ ಕೈ ಮೇಲೆ ಪಂಜರದ ಕಬ್ಬಿಣ ಬೀಳುತ್ತದೆ. ಬಲೆ ಇರುವುದು ಆ ಕೈಯನ್ನು ಒಳಗೇ ಇರಿಸಲು. ಹಲವು ಮಾಡೆಲ್‌ಗಳಲ್ಲಿ ಚಾಲಕ ಬೆಲ್ಟ್ ಹಾಕದಿದ್ದರೆ ವೇಗ ಗಂಟೆಗೆ 24 ಕಿ.ಮೀ. ಆಸುಪಾಸಿಗೆ ನಿಲ್ಲುತ್ತದೆ. ಕೆಲವರು ಆ ವೈರನ್ನೇ ಕಿತ್ತುಹಾಕುತ್ತಾರೆ. ಹಳೆ ಗಾಡಿ ನೋಡುವಾಗ ಇದು ಕೆಲಸ ಮಾಡುತ್ತಾ ಎಂದು ಪರೀಕ್ಷಿಸಿ, ಕಿತ್ತುಹಾಕಿದ್ದರೆ ಆ ಮಾಲೀಕ ಗಾಡಿಯನ್ನು ಹೇಗೆ ಓಡಿಸಿರಬಹುದು ಅನ್ನುವುದೂ ಗೊತ್ತಾಗುತ್ತದೆ.

ಹೆಜ್ಜೆ 6: ನಿಮ್ಮ ನೆಲಕ್ಕೆ ಗಾಡಿ ಹೊಂದಿಸಿ

ಕಲಬುರಗಿಯ ಎರೆಮಣ್ಣು ಒಣಗಿದಾಗ ಸಿಮೆಂಟಿನಂತೆ ಗಟ್ಟಿ, ಬಿರುಕು ಬಿಡುತ್ತದೆ. ಒಂದು ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಗಾಲಿಯ ಗೂಡು ತುಂಬುತ್ತದೆ, ಟೈರು ತಿರುಗುತ್ತದೆ, ಗಾಡಿ ನಿಂತಿರುತ್ತದೆ. ಇಂಥ ಮಣ್ಣಿಗೆ, ಎಡ ಬಲ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಯಾವ ಡಿಫರೆನ್ಷಿಯಲ್ ಲಾಕೂ ಪೂರ್ತಿ ಔಷಧಿ ಅಲ್ಲ. ಮಳೆಯಾದ ಮೇಲೆ ಕೆಲವು ದಿನ ಎರೆಗೆ ಇಳಿಯದಿರುವುದೇ ಸರಿ, ದಾರಿಯೂ ಹಾಳಾಗುವುದಿಲ್ಲ. ಆಯ್ಕೆ ಮಾಡುವಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಆಡುವಷ್ಟು ಜಾಗ ಇದೆಯಾ ನೋಡಿ. ರೇಡಿಯೇಟರ್ ಮುಂದೆ ಕೆಳಗೆ ಇದ್ದರೆ ಕೆಸರು ಮೆತ್ತಿ ಎಂಜಿನ್ ಬಿಸಿಯಾಗುತ್ತದೆ, ತೊಳೆಯಲು ಕೈ ಹೋಗುವಂತಿರಬೇಕು.

ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲ ಬೇರೆ. ಮಳೆ ನೀರು ಬೇಗ ಇಳಿಯುತ್ತದೆ, ಓಡಿಸಲು ಮೂರರಲ್ಲಿ ಅದೇ ಸಲೀಸು. ಆದರೆ ಪ್ರಸ್ಥಭೂಮಿಯ ಅಂಚುಗಳು ಇದ್ದಕ್ಕಿದ್ದಂತೆ ಕಡಿದಾಗುತ್ತವೆ. ಯಾದಗಿರಿ ಕಡೆ ಗ್ರಾನೈಟ್ ಬಂಡೆ. ಅಲ್ಲಿ ಹೊಟ್ಟೆಯ ಕೆಳಗೆ ಪೂರ್ತಿ ಸ್ಕಿಡ್ ಪ್ಲೇಟ್ (ಕಲ್ಲು ತಾಗದಂತೆ ಕಾಯುವ ತಗಡು), ಚಕ್ರವನ್ನು ಚೌಕಟ್ಟಿಗೆ ಹಿಡಿದಿಡುವ ಎ ಆರ್ಮ್‌ಗಳಿಗೂ ಕಾಪು ಬೇಕು, ನೆಲದಿಂದ 10 ಅಂಗುಲವಾದರೂ ಎತ್ತರ ಇರಬೇಕು. ಅದಕ್ಕಿಂತ ಎತ್ತರ ಮಾಡಲು ಲಿಫ್ಟ್ ಕಿಟ್ ಹಾಕಿದರೆ ಮೇಲಿನ ಡಿಗ್ರಿಗಳ ಲೆಕ್ಕ ಮತ್ತೆ ಕೆಳಗಿಳಿಯುತ್ತದೆ.

ಇನ್ನು ಪಂಕ್ಚರ್. ಬಳ್ಳಾರಿ ಜಾಲಿ ಮುಳ್ಳು ಯಾರನ್ನೂ ಬಿಟ್ಟಿಲ್ಲ. ಅದಕ್ಕಿಂತ ಕೆಟ್ಟದ್ದು ತೊಗರಿ ಕೂಳೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಮೋಟು ಕಟ್ಟಿಗೆಯಷ್ಟು ಗಟ್ಟಿ, ಓರೆಯಾಗಿ ಕೊಯ್ದದ್ದರಿಂದ ತುದಿ ಚೂಪು. ಸುತ್ತಾಡಲು ಹವಾ ಚೆನ್ನಾಗಿರುವ ಕಾಲವೂ ಅದೇ! ಕೂಳೆ ಟೈರಿನ ಪಕ್ಕೆಗೆ ಚುಚ್ಚಿದರೆ ಪ್ಲಗ್ ನಿಲ್ಲುವುದಿಲ್ಲ. ಅದಕ್ಕೆ ಕನಿಷ್ಠ 6 ಪ್ಲೈ (ಪದರ), ಸಿಕ್ಕರೆ 8 ಪ್ಲೈ ಟೈರು ಹಾಕಿಸಿ, ಒಳಗೆ ಸೀಲೆಂಟ್ ಹಾಕಿ. ಪ್ಲಗ್ ಕಿಟ್, 12 ವೋಲ್ಟ್ ಕಂಪ್ರೆಸರ್ ಗಾಡಿಯಲ್ಲೇ ಇರಲಿ. ಇವುಗಳಲ್ಲಿ ಗಾಳಿ ಸಾಮಾನ್ಯವಾಗಿ 10ರಿಂದ 14 ಪಿಎಸ್ಐ ಅಷ್ಟೇ. ಲಾರಿಗೆ ಹಿಡಿಯುವ ಗೇಜು ಅಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸದು, ಕಡಿಮೆ ಒತ್ತಡದ ಗೇಜು ಬೇರೆ ತಗೊಳ್ಳಿ. 25 ಅಂಗುಲ ಎತ್ತರದ, 12 ಅಂಗುಲ ರಿಮ್ಮಿನ ಈ ಟೈರುಗಳು ಕಲಬುರಗಿಯ ಸೂಪರ್ ಮಾರ್ಕೆಟ್ ರಸ್ತೆಯ ಅಂಗಡಿಯಲ್ಲಿ ಸಿಗುವಂಥವಲ್ಲ. ಗಾಡಿ ಜೊತೆಗೇ ಒಂದು ಮುಂದಿನದು, ಒಂದು ಹಿಂದಿನದು ಹೆಚ್ಚುವರಿ ತರಿಸಿಕೊಳ್ಳಿ, ಎರಡರ ಅಗಲ ಬೇರೆಬೇರೆ.

ಹೆಜ್ಜೆ 7: ಎಂಜಿನ್, ಬೆಲ್ಟ್, ಬಿಸಿಲು

ಮನೆಮಂದಿಗೆ 500ರಿಂದ 600 ಸಿಸಿ ಎಂಜಿನ್ ಸಾಕು. ಆರ್‌ಝಡ್‌ಆರ್ 570ರ 45 ಕುದುರೆಶಕ್ತಿ ನಮ್ಮ ಹೊಲದಲ್ಲಿ ಪೂರ್ತಿ ಬಳಸಲು ಜಾಗವೇ ಇಲ್ಲ. 50 ಅಂಗುಲದ ಗಾಡಿಯಲ್ಲಿ 75 ಕುದುರೆಶಕ್ತಿಯ ಮಾಡೆಲ್‌ಗಳೂ ಬಂದಿವೆ. ಕಿರಿದಾದ ಗಾಡಿಗೆ ಅಷ್ಟು ಜೋರು ಯಾಕೆ ಬೇಕು, ಅದೂ ಮಕ್ಕಳನ್ನು ಕೂರಿಸಿಕೊಂಡು, ನನಗಂತೂ ಅರ್ಥವಾಗಿಲ್ಲ. ಅದೇ ಹಣದಲ್ಲಿ ಪವರ್ ಸ್ಟೀರಿಂಗ್ ಇರುವ ಮಾಡೆಲ್ ತಗೊಳ್ಳಿ. ಕಲ್ಲಿಗೆ ಚಕ್ರ ಬಡಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವುದು ಕಡಿಮೆಯಾಗುತ್ತದೆ, ಮನೆಯ ಹೆಂಗಸರೂ ದಣಿಯದೆ ಓಡಿಸಬಹುದು.

ಹೆಚ್ಚಿನ ಗಾಡಿಗಳಲ್ಲಿ ಗೇರ್ ಬದಲು ರಬ್ಬರ್ ಬೆಲ್ಟಿನ ಸಿವಿಟಿ ಇರುತ್ತದೆ. ಸ್ಕೂಟಿಯಲ್ಲಿ ಇರುವುದೇ, ಗಾತ್ರ ದೊಡ್ಡದು. ಈ ಬೆಲ್ಟಿನ ಶತ್ರುಗಳು ಬಿಸಿ, ದೂಳು, ನೀರು. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ನಿಧಾನ ಓಡಿಸುವಾಗ, ಏರು ಹತ್ತುವಾಗ, ಭಾರ ಇರುವಾಗ ಲೋ ರೇಂಜ್‌ನಲ್ಲೇ (ವೇಗ ಕಡಿಮೆ, ಎಳೆತ ಜಾಸ್ತಿ) ಇಡಬೇಕು. ಹೈನಲ್ಲಿಟ್ಟು ತೆವಳಿಸಿದರೆ ಬೆಲ್ಟ್ ಜಾರಿ ಸುಡುತ್ತದೆ. ಆಯ್ಕೆ ಮಾಡುವಾಗ ಬೆಲ್ಟಿಗೆ ಗಾಳಿ ಎಳೆಯುವ ಕೊಳವೆ ಎಲ್ಲಿದೆ ನೋಡಿ, ಎತ್ತರದಲ್ಲಿದ್ದಷ್ಟೂ ದೂಳು, ನೀರು ಕಡಿಮೆ. ಬೆಲ್ಟನ್ನು ಹೊಲದಲ್ಲೇ ಬದಲಿಸಲು ಆಗುತ್ತಾ ಎಂದು ಮಾರುವವರ ಮುಂದೆಯೇ ಮುಚ್ಚಳ ಬಿಚ್ಚಿಸಿ ನೋಡಿ.

ಬೆಲ್ಟೇ ಬೇಡ ಅನ್ನುವವರಿಗೆ ಹೋಂಡಾ ಪಯೋನಿಯರ್ ಇದೆ. ಅದರಲ್ಲಿ ನಿಜವಾದ ಗೇರುಗಳು, ಸ್ಟೀರಿಂಗ್ ಪಕ್ಕದ ಪ್ಯಾಡಲ್‌ನಿಂದ ಬದಲಿಸುವುದು. ನಮ್ಮ ದೂಳಿಗೆ ಇದೇ ಒಳ್ಳೆಯ ವಿನ್ಯಾಸ ಅನ್ನುವುದು ನನ್ನ ಅಭಿಪ್ರಾಯ. ತೊಂದರೆ ಏನೆಂದರೆ ಇಲ್ಲಿನ ಹೋಂಡಾ ಶೋರೂಮಿನಲ್ಲಿ ಕೇಳಿದರೆ ಸಿಗದು. ಆಮದು ಗಾಡಿ ಅಂದಮೇಲೆ ಬಿಡಿಭಾಗವೂ ಆಮದೇ. ಎಷ್ಟು ಒಳ್ಳೆಯ ಗಾಡಿಯಾದರೂ ಬ್ರೇಕ್ ಪ್ಯಾಡಿಗೆ ತಿಂಗಳು ಕಾಯಬೇಕಾದರೆ ಅದು ಶೆಡ್ಡಿನಲ್ಲೇ ನಿಲ್ಲುತ್ತದೆ.

ಪೆಟ್ರೋಲಿನ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಈ ಗಾಡಿಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 10% ವರೆಗೆ ಎಥೆನಾಲ್ ಇರುವ ಪೆಟ್ರೋಲ್ ಹಾಕಿ ಎಂದಿರುತ್ತದೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು 20% ಎಥೆನಾಲಿನ ಇ20. ತಗೊಳ್ಳುವ ಮುಂಚೆ ಆ ಪುಟ ತೆಗೆದು ಓದಿ. ಯಾವಾಗಲೋ ಒಮ್ಮೆ ಓಡಿಸುವ ಗಾಡಿಯಲ್ಲಿ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಬಿಡಬೇಡಿ, ಎಥೆನಾಲ್ ತೇವ ಹೀರಿಕೊಳ್ಳುತ್ತದೆ.

ಹೆಜ್ಜೆ 8: ಮನೆಯಿಂದ ಹೊಲಕ್ಕೆ ಹೇಗೆ ಒಯ್ಯುತ್ತೀರಿ?

ರಸ್ತೆಯಲ್ಲಿ ಓಡಿಸುವಂತಿಲ್ಲ ಅಂದಮೇಲೆ ಹೊತ್ತೊಯ್ಯಬೇಕು. ಛೋಟಾ ಹಾಥಿ ಸಾಲದು. ಅದರ ತೊಟ್ಟಿ ಸುಮಾರು 7 ಅಡಿ ಉದ್ದ, ಆರ್‌ಝಡ್‌ಆರ್ 570 ಎಂಟೂವರೆ ಅಡಿ ಇದೆ. ಬೊಲೆರೊ ಪಿಕಪ್‌ನ ದೊಡ್ಡ ತೊಟ್ಟಿ ಸುಮಾರು 9 ಅಡಿ ಉದ್ದ, ಐದೂವರೆ ಅಡಿ ಅಗಲ, ಆರ್‌ಝಡ್‌ಆರ್ 570 ಕೂರುತ್ತದೆ. 60 ಅಂಗುಲದ ನಾಲ್ಕು ಸೀಟಿನದು ಉದ್ದದಲ್ಲಿ ಹೊರಗೆ ಬರುತ್ತದೆ. ಹತ್ತಿಸಲು ಗಟ್ಟಿ ರ‍್ಯಾಂಪ್, ನಾಲ್ಕು ಮೂಲೆಗೆ ರ‍್ಯಾಚೆಟ್ ಪಟ್ಟಿ ಬೇಕು. ಹಗ್ಗ ಬೇಡ. ಜಮೀನಿನಲ್ಲೇ ಬೀಗ ಹಾಕುವ ಶೆಡ್ ಇದ್ದರೆ ಈ ರಗಳೆ ಇಲ್ಲ, ಆದರೆ ಇಲಿ ವೈರ್ ಕಡಿಯದಂತೆ ನೋಡಿಕೊಳ್ಳಬೇಕು.

ಹೆಜ್ಜೆ 9: ಹಳೆಯದು ತಗೊಳ್ಳುವುದಾದರೆ

ರೆಸಾರ್ಟು, ಸಾಹಸ ಪಾರ್ಕುಗಳಿಂದ ಹೊರಬರುವ ಗಾಡಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅವನ್ನು ಬಾಡಿಗೆಗೆ ಬಂದವರೆಲ್ಲ ಹೊಡೆದಾಡಿಸಿರುತ್ತಾರೆ ಅನ್ನುವುದು ನೆನಪಿರಲಿ. ಕಿಲೋಮೀಟರ್ ಜೊತೆ ಎಂಜಿನ್ ಓಡಿದ ಗಂಟೆಯನ್ನೂ ನೋಡಿ. ಕಿಲೋಮೀಟರ್ ಕಡಿಮೆ, ಗಂಟೆ ಜಾಸ್ತಿ ಇದ್ದರೆ ನಿಂತಲ್ಲೇ ರೇಸ್ ಕೊಟ್ಟದ್ದು, ತೆವಳಿಸಿದ್ದು ಜಾಸ್ತಿ.

ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿಸಿ. ಒಂದೊಂದೇ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಇಲ್ಲವೇ ಬಾಲ್ ಜಾಯಿಂಟ್ ಹೋಗಿದೆ. ಎ ಆರ್ಮ್‌ಗಳು ಚೌಕಟ್ಟಿಗೆ ಕೂಡುವ ಕಡೆ ಹೊಸ ವೆಲ್ಡಿಂಗ್ ಅಥವಾ ಹೊಸ ಬಣ್ಣ ಇದ್ದರೆ ಅನುಮಾನಪಡಿ. ಪಂಜರದ ಪೈಪನ್ನು ದೂರ ನಿಂತು ನೋಡಿ, ಒಂದು ಕಡೆ ಸ್ವಲ್ಪ ಬಾಗಿದ್ದರೂ ಗಾಡಿ ಮಗುಚಿದ್ದು ಖಚಿತ. ಒಮ್ಮೆ ಬಾಗಿದ ಪಂಜರ ಎರಡನೇ ಸಲ ಕಾಯುವುದಿಲ್ಲ, ಅಂಥದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟುಬಿಡಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಏರ್ ಫಿಲ್ಟರ್ ತೆಗೆದು ಅದರ ಒಳಗಿನ ಕೊಳವೆಯಲ್ಲಿ ಬೆರಳಾಡಿಸಿ. ದೂಳು ಹತ್ತಿದರೆ ಎಂಜಿನ್ ಒಳಗೂ ಅದೇ ದೂಳು ಹೋಗಿದೆ.

ಕಾಗದದಲ್ಲಿ ಮೂಲ ಇನ್‌ವಾಯ್ಸ್, ಆಮದಾಗಿದ್ದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಎರಡೂ ಬೇಕು. ಚಾಸಿ ನಂಬರ್ ಕಾಗದಕ್ಕೆ ಹೊಂದಬೇಕು. ಆರ್‌ಸಿ ಇಲ್ಲದ ಗಾಡಿಗೆ ಇವೇ ನಿಮ್ಮ ಒಡೆತನದ ದಾಖಲೆ. ಅಪಘಾತ ವಿಮೆ ಇದ್ದರೆ ಇಂಥ ಗಾಡಿಯಲ್ಲಿ ಆದ ಗಾಯಕ್ಕೆ ಹಣ ಕೊಡುತ್ತಾರಾ ಎಂದು ಬರಹದಲ್ಲಿ ಕೇಳಿ.

ಇನ್ನೊಂದು ಕೆಲಸ ಫೋನಿನಲ್ಲೇ ಆಗುತ್ತದೆ. ಹೈದರಾಬಾದ್, ಪುಣೆ, ಬೆಂಗಳೂರಿನ ಸರ್ವಿಸ್‌ನವರಿಗೆ ಫೋನ್ ಮಾಡಿ ಐದು ವಸ್ತು ಕೇಳಿ: ಡ್ರೈವ್ ಬೆಲ್ಟ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್, ವೀಲ್ ಬೇರಿಂಗ್, ಎ ಆರ್ಮ್ ಬುಷ್. ಇವತ್ತು ಸ್ಟಾಕಿನಲ್ಲಿ ಎಷ್ಟಿವೆ, ಬೆಲೆ ಎಷ್ಟು? 'ತರಿಸಿ ಕೊಡ್ತೀವಿ' ಅನ್ನುವುದು ಉತ್ತರವಲ್ಲ. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಈ ವಿಷಯದಲ್ಲಿ ಅವರೇ ಪುಣ್ಯವಂತರು.

ಹೆಜ್ಜೆ 10: ಓಡಿಸಿ ನೋಡುವುದು

ಶೋರೂಮಿನ ಅಂಗಳದಲ್ಲಿ ಎರಡು ಸುತ್ತು ಹಾಕುವುದು ಸುಮ್ನೆ ಶಾಸ್ತ್ರ. ಸಾಧ್ಯವಾದರೆ ನಿಮ್ಮ ಜಮೀನಿಗೇ ತರಿಸಿ, ಸಾಗಣೆ ಖರ್ಚು ನೀವೇ ಕೊಟ್ಟರೂ ನಷ್ಟವಿಲ್ಲ. ಆಗದಿದ್ದರೆ ನಿಮ್ಮ ಪಟ್ಟಿಯಲ್ಲಿರುವ ಅತಿ ಇಕ್ಕಟ್ಟಿನ ಜಾಗ, ಅತಿ ಕಡಿದಾದ ಒಡ್ಡು ಎರಡನ್ನೂ ಅಲ್ಲೇ ಕಲ್ಲಿಟ್ಟು, ಮಣ್ಣು ಹಾಕಿ ಮಾಡಿ ನೋಡಿ. ಮನೆಯಲ್ಲಿ ಓಡಿಸುವವರೆಲ್ಲ ಓಡಿಸಬೇಕು. ಮಕ್ಕಳು ಮೊದಲು ನಿಂತ ಗಾಡಿಯಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳಲಿ, ಬಿಚ್ಚಲಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಗಾಡಿಯನ್ನು ಹಿಡಿಯುತ್ತಾ ಇಲ್ಲವಾ ಅನ್ನುವುದನ್ನು ತಪ್ಪದೆ ನೋಡಿ. ಬೆಲ್ಟಿನ ಕೆಲವು ಗಾಡಿಗಳು ತೀರಾ ನಿಧಾನದಲ್ಲಿ ಸಡಿಲ ಬಿಟ್ಟಂತೆ ಉರುಳುತ್ತವೆ. ಅಂಥದ್ದಾದರೆ ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುವ ಅಭ್ಯಾಸ ಬೇಕು.

ತಂದ ಮೇಲೆ ಹೊಸ ಬೆಲ್ಟಿನಲ್ಲಿ ಮೊದಲ 80 ಕಿ.ಮೀ. ಜೋರು ಮಾಡಬೇಡಿ, ಭಾರ ಹಾಕಬೇಡಿ, ಬೆಲ್ಟ್ ಪುಲ್ಲಿಗೆ ಹೊಂದಿಕೊಳ್ಳಲಿ. ಮೊದಲ ಓಟ ಮುಗಿದ ಕೂಡಲೇ ನಾಲ್ಕೂ ಚಕ್ರದ ನಟ್ಟು ಮತ್ತೊಮ್ಮೆ ಬಿಗಿ ಮಾಡಿ. ದೂಳಿನ ಕಾಲದಲ್ಲಿ ಏರ್ ಫಿಲ್ಟರನ್ನು ಪ್ರತಿ ಓಟದ ನಂತರ ತೆಗೆದು ನೋಡಿ, ಕೈಪಿಡಿಯಲ್ಲಿ ಬರೆದ ಗಂಟೆಗಳ ಲೆಕ್ಕ ಫೆಬ್ರವರಿಯ ಸೇಡಂ ರಸ್ತೆಯ ದೂಳು ನೋಡಿ ಬರೆದದ್ದಲ್ಲ. ಹೊರಡುವ ಮುಂಚೆ ಫೋನಿನ ಲೊಕೇಶನ್ ಅನ್ನು ಮನೆಯಲ್ಲಿ ಉಳಿದವರಿಗೆ ಕಳಿಸಿಡಿ. 108ಕ್ಕೆ ಫೋನ್ ಮಾಡಬೇಕಾಗಿ ಬಂದರೆ 'ತೊಗರಿ ಹೊಲದ ಪಕ್ಕದ ತೊಗರಿ ಹೊಲ' ಎಂದು ಹೇಳಿ ದಾರಿ ತೋರಿಸುವುದು ನಮ್ಮ ಕಡೆ ಆಗದ ಮಾತು.